ಸುತ್ತು ಇಲ್ಲದ ನೀರು

ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ ಅಷ್ಟೇ. ಇನ್ನರ್ಧ ಹೇಳಿದೋರು ನಮ್ಮ ಭಾವ, ಗೌರಕ್ಕನ ಯಜಮಾನರು ಕೆಂಚಪ್ಪನೋರು, ಅದೂ ಮಾರನೇ ದಿನ ಮಾಲಗಾ ಅನ್ನೋ ಇನ್ನೊಂದು ಬಂದರಿಗೆ ಹೋಗೋ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕಿಟಕಿ ಕಡೆ ಮುಖ ಮಾಡ್ಕೊಂಡು ಹೇಳಿದ್ದು. ಹಂಗಾಗಿ ಎಲ್ಲಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಹಾಕಬ್ಯಾಡಿ, ಆತಾ?

ನಮ್ಮ ಡೊಳ್ಳಿನ ತಂಡವನ್ನ ಸ್ಪೇನ್ ದೇಶಕ್ಕೆ ಕರೆದಿದ್ರು. ಸಮುದ್ರದ ದಂಡೆ ಊರುಗಳಲ್ಲೆಲ್ಲ ಜನಪದ ಮೇಳ, ಊರಿಂದ ಊರಿಗೆ ಕುಣಿತ. ಜಡೆ ಅನ್ನೋ ನಮ್ಮೂರಿಂದ ನಾವು ಕೆಲವರು, ಅಂಜನಾಪುರದ ಕಡೆಯಿಂದ ಭಾವ ಮತ್ತೆ ಅವರ ಜೊತೆಗಾರರು. ಭಾವ ನಮಗೆಲ್ಲ ಹಿರಿಯರು. ನಮ್ಮ ಕುಲದೇವರು ಬೀರಪ್ಪನ ಪೂಜೆ ಮಾಡಿ ಅವರು ಮೊದಲ ಪೆಟ್ಟು ಹಾಕಿದ ಮೇಲೇನೇ ನಾವು ಡೊಳ್ಳು ಹೆಗಲಿಗೆ ಏರಿಸೋದು. ಅವರ ಮನೆತನಕ್ಕೆ ಒಂದು ನೇಮ ಬೇರೆ ಐತೆ, ಕುಣಿಯೋ ದಿನ ಡೊಳ್ಳು ಇಳಿಸೋತನಕ ಬಾಯಿಗೆ ಏನೂ ಹಾಕೋ ಹಂಗಿಲ್ಲ. ನೇಮ ಒಳ್ಳೇದೇ. ಆದ್ರೆ ಭಾವನಿಗೆ ಆಗಲೇ ಸಕ್ಕರೆ ಕಾಯಿಲೆ ಬಂದಿತ್ತು. ಹೊರಡೋವಾಗ ಗೌರಕ್ಕ ಗುಳಿಗೆ ಡಬ್ಬಿ ನನ್ನ ಕೈಗೆ ಕೊಟ್ಟು, "ಹನುಮಂತಾ, ಅವರು ದೇವರ ಹೆಸರು ಹೇಳಿ ಹಟ ಮಾಡ್ತಾರೆ. ನೀನು ಜೊತೆ ಬಿಡಬ್ಯಾಡ ಮತ್ತೆ," ಅಂದಿದ್ಲು. "ಆತಕ್ಕಾ, ನೆರಳಿನಂಗೆ ಇರ್ತೀನಿ," ಅಂದಿದ್ದೆ. ನೆರಳು!

ಊರಿನ ಹೆಸರು ಕಾದಿಸ್. ಬಲು ಹಳೇ ಬಂದರು. ಸಮುದ್ರದೊಳಗೆ ಕೈ ಚಾಚಿದಂಗೆ ಒಂದು ತುಂಡು ನೆಲ, ಅದರ ಮೇಲೆ ಬೆಳ್ಳನೆ ಮನೆಗಳು ಒತ್ತಾಗಿ. ಓಣಿಗಳು ಎಂಥವು ಅಂದ್ರೆ ಎರಡು ಎತ್ತು ಜೋಡಿಯಾಗಿ ಹೋಗಂಗಿಲ್ಲ, ಒಂದರಂಗೇ ಇನ್ನೊಂದು. ನಮ್ಮನ್ನ ಇಳಿಸಿದ್ದು ಹಡಗುಕಟ್ಟೆ ಪಕ್ಕದ ವಸತಿಯಲ್ಲಿ. ಕಾರ್ಯಕ್ರಮ ಸಂಜೆ, ಅಂದ್ರೆ ಅಲ್ಲಿಯ ಸಂಜೆ, ರಾತ್ರಿ ಒಂಬತ್ತಕ್ಕೆ. ಆಗಲೂ ಬೆಳಕು! ಬೇಸಿಗೆಯಲ್ಲಿ ಅಲ್ಲಿ ಹೊತ್ತು ಮುಳುಗೋದೇ ಇಲ್ಲವೇನೋ ಅನ್ನಂಗೆ.

ಮಧ್ಯಾಹ್ನ ಎಲ್ಲರೂ ಊರು ನೋಡಾಕೆ ಹೊಂಟ್ವಿ. ಒಂದು ಇಗರ್ಜಿ ಬಂತು. ಭಾವ ಯಾವ ದೇವರ ಬಾಗಿಲನ್ನೂ ಸುಮ್ಮನೆ ದಾಟೋರಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಾರೆ ಕೈ ಮುಗಿಯಾಕೆ. ನಾನು ಮುಂದಿನೋರ ಜೊತೆ ಇದ್ದಾರೆ ಅಂದ್ಕೊಂಡೆ, ಮುಂದಿನೋರು ನನ್ನ ಜೊತೆ ಇದ್ದಾರೆ ಅಂದ್ಕೊಂಡ್ರು. ವಸತಿಗೆ ಬಂದು ನೋಡ್ತೀವಿ, ಭಾವ ಇಲ್ಲ. ಅವರ ಫೋನು ಕೋಣೆಯಲ್ಲೇ ಚಾರ್ಜಿಗೆ ಹಾಕಿದ್ದು ಹಂಗೇ ಐತೆ. ಮದ್ದಿಗೆ ನೇಮ ಇಲ್ಲ ಅಂತ ಹೇಳಿ ಬೆಳಿಗ್ಗೆ ಗುಳಿಗೆ ನುಂಗಿಸಿದೋನು ನಾನೇ, ಹೊಟ್ಟೆ ನೋಡಿದ್ರೆ ಖಾಲಿ. ಸಕ್ಕರೆ ಇಳಿದು ಯಾವ ಓಣಿಯಲ್ಲಿ ಬಿದ್ದಿದ್ದಾರೋ, ಯಾರು ಎತ್ತಬೇಕು, ಎತ್ತಿದೋರಿಗೆ ಏನಂತ ಹೇಳ್ಕೊಂಡಾರು? ಅವರಿಗೆ ಬರೋದು ಕನ್ನಡ ಒಂದೇ.

ಇತ್ತ ಭಾವನ ಕಡೆ ಏನಾತು ಅಂದ್ರೆ, ಇಗರ್ಜಿಯಿಂದ ಹೊರಗೆ ಬಂದಾಗ ನಾವ್ಯಾರೂ ಇಲ್ಲ. ಗಾಬರಿ ಆಗಲಿಲ್ಲವಂತೆ. ಕುರಿ ಕಾಯ್ದ ಜೀವ ನೋಡಿ. ಅಂಜನಾಪುರದ ಡ್ಯಾಮಿನ ಹತ್ರ ಕುರಿ ಮೇಯಿಸೋವಾಗ ದಾರಿ ತಪ್ಪಿದ್ರೆ ಲೆಕ್ಕ ಒಂದೇ, ನೀರಂಚು ಹಿಡಿದು ನಡೀತಾ ಇರು, ಎಷ್ಟು ತಡವಾದ್ರೂ ಹಟ್ಟಿ ಮುಂದಕ್ಕೆ ಬಂದೇ ಬರ್ತೀಯ. ಇಲ್ಲೂ ಹಂಗೇ ಅಂದ್ಕೊಂಡಿದ್ದಾರೆ. ವಸತಿ ನೀರಿನ ಪಕ್ಕ, ನೀರು ಸಿಕ್ಕರೆ ವಸತಿ ಸಿಕ್ಕಂಗೆ. ಗಾಳಿ ಬಂದ ಕಡೆ ಹೋಗಿ ನೀರು ಕಂಡ್ರು, ಬಲಗೈಗೆ ನೀರು ಇಟ್ಕೊಂಡು ನಡೆದ್ರು. ಆದ್ರೆ ಅದು ಊರಿನ ಆ ಮಗ್ಗುಲು. ಹಡಗುಕಟ್ಟೆ ಈ ಮಗ್ಗುಲು. ಅಲೆ ತಡೆಯೋ ಗೋಡೆ ಮುಗೀತು, ಮನೆ ಮುಗಿದ್ವು, ಮರಳು ಶುರುವಾತು. ನಡೆದ್ರು, ನಡೆದ್ರು. "ಕೆರೆಗಾದ್ರೆ ಒಂದು ಸುತ್ತು ಇರ್ತದಲೇ ಹನುಮಾ, ಸಮುದ್ರಕ್ಕೆ ಸುತ್ತೇ ಇಲ್ಲ ಅಂತ ನಂಗೆ ಯಾರು ಹೇಳಿದ್ರು?" ಅಂದ್ರು ಬಸ್ಸಿನಲ್ಲಿ. ತಲೆ ಎತ್ತಿ ನೋಡಿದ್ರೆ ಹೊತ್ತು ಇನ್ನೂ ಮಾರುದ್ದ ಮೇಲೆ. ನಾಲ್ಕು ಗಂಟೆ ಇರಬೇಕು ಅಂತ ಸಮಾಧಾನ. ಇತ್ತ ವಸತಿ ಗಡಿಯಾರದಲ್ಲಿ ಸಂಜೆ ಏಳಾಗಿತ್ತು.

ಅಷ್ಟೊತ್ತಿಗೆ ನಾವು ಪೊಲೀಸರಿಗೂ ಹೇಳಿ ಆಗಿತ್ತು. ಮೇಳದವರು ಕೊಟ್ಟಿದ್ದ ದುಭಾಷಿ ಹೆಣ್ಮಗಳಿಗೆ ಹಿಂದಿ ಬರ್ತಿತ್ತು. "ಎಂಥ ಬಟ್ಟೆ?" ಅಂತ ಕೇಳಿದ್ಲು. "ಪಂಚೆ, ಹೆಗಲ ಮೇಲೆ ಕರಿ ಕಂಬಳಿ," ಅಂದೆ. "ಈ ಬಿಸಿಲಲ್ಲಿ ಕಂಬಳಿಯಾ?" ಅಂತ ಪೊಲೀಸಿನೋನು ಹುಬ್ಬು ಹಾರಿಸಿದ. ನಮ್ಮೋನೊಬ್ಬ, "ಡೊಳ್ಳು ಬಾರಿಸಾಣ, ಎಲ್ಲಿದ್ರೂ ಕೇಳಿ ಬರ್ತಾರೆ," ಅಂದ. ಪೂಜೆ ಆಗದೆ ಬಾರಿಸೋದು ತಪ್ಪು, ಗೊತ್ತು, ಬೀರಪ್ಪನ ಹತ್ರ ಮನಸಿನಲ್ಲೇ ತಪ್ಪಾತು ಅಂತ ಹೇಳಿ ಬಾರಿಸಿದ್ವಿ. ಏನ್ ಕೇಳೋದು? ಉಪ್ಪುಗಾಳಿಗೆ ಚರ್ಮ ಸಡಿಲಾಗಿ ಒದ್ದೆ ಗೋಣಿ ಬಡಿದಂಗೆ ಸದ್ದು, ಅದನ್ನೂ ಗಾಳಿ ನುಂಗಿಬಿಡ್ತು. ಜೇಬಿನಲ್ಲಿ ಫೋನು ಹೊಡ್ಕೊಂತು. ಗೌರಕ್ಕ. ಊರಲ್ಲಿ ಮಲಗೋ ಹೊತ್ತು, ಉಂಡ್ರಾ ಅಂತ ಕೇಳಾಕೆ. ನಾನು ಎತ್ತಲಿಲ್ಲ. ಎತ್ತಿದ್ರೆ ನನ್ನ ದನಿಯಲ್ಲೇ ಹಿಡಿದುಬಿಡ್ತಾಳೆ ಅಕ್ಕ. ನಿಂತಿತು, ಮತ್ತೆ ಹೊಡ್ಕೊಂತು. ಆ ಫೋನು ಅವತ್ತು ಕೆಂಡ ಇಟ್ಕೊಂಡಂಗೆ ಇತ್ತು ಜೇಬಿನಲ್ಲಿ.

ಇತ್ತ ಭಾವನಿಗೆ ಕಾಲು ನಡುಗಾಕೆ ಹತ್ತಿದ್ವಂತೆ, ಮೈಯೆಲ್ಲ ತಣ್ಣನೆ ಬೆವರು. ಮರಳಿನ ಮೇಲೆ ಒಂದಷ್ಟು ಮುದುಕಿಯರು, ಮನೆಯಿಂದ ಮಡಿಸೋ ಕುರ್ಚಿ, ಮೇಜು ಎಲ್ಲ ತಂದು ಹಾಕ್ಕೊಂಡು, ನಂಬರು ಕೂಗೋ ಆಟ ಆಡ್ತಾ ಕೂತಿದ್ರು. ಅಲ್ಲಿ ಅದು ರೂಢಿಯಂತೆ, ನಮ್ಮೋರು ಕಟ್ಟೆ ಮೇಲೆ ಕೂತಂಗೆ. ಭಾವ ಹೋಗಿ, "ಅವ್ವಾ, ಡೊಳ್ಳಿನೋರು ಎಲ್ಲಿ ಇಳಿದಾರೆ?" ಅಂದ್ರು. ಅವರಿಗೇನು ತಿಳೀಬೇಕು. ಸನ್ನೆ ಮಾಡಿ ತೋರಿಸಾಣ ಅಂತ, ಡೊಳ್ಳು ಇರೋದು ಹೊಟ್ಟೆ ಮುಂದೆ ತಾನೇ, ಎರಡೂ ಕೈಯಲ್ಲಿ ಹೊಟ್ಟೆ ಬಡ್ಕೊಂಡ್ರು. ಧಬ ಧಬ ಧಬ! ಮುದುಕಿಯರು ಆಟ ಬಿಟ್ಟು ಎದ್ದೇಬಿಟ್ರು. ಹಸಿವು! ಪಾಪ, ಹೊಟ್ಟೆ ಬಡ್ಕೊಳ್ಳೋ ಅಷ್ಟು ಹಸಿವು! ಕುರ್ಚಿ ಕೊಟ್ಟು ಕೂರಿಸಿ ಕಲ್ಲಂಗಡಿ ಹೋಳು ಹಿಡಿದ್ರು. ಭಾವ ಒಲ್ಲೆ ಅಂತ ತಲೆ ಆಡಿಸಿದ್ರು, ನೇಮ. ಮತ್ತೆ ಹೊಟ್ಟೆ ಬಡಿದು ತೋರಿಸಿದ್ರು. ಬಡಿದಷ್ಟೂ ತಟ್ಟೆ ತುಂಬ್ತಾ ಹೋತು. ಕೊನೆಗೆ ಅದರಲ್ಲಿ ದಪ್ಪನೆಯ ಮುದುಕಿ ಒಬ್ಬಾಕಿ ಇವರ ಬೆವರು ಒರೆಸಿ, ಕೈ ಮುಟ್ಟಿ ನೋಡಿ, ಗದ್ದ ಹಿಡಿದು ಒಂದು ತುಂಡು ಬಾಯೊಳಗೇ ಇಟ್ಟುಬಿಟ್ಲು. ನಾವು ಮಕ್ಕಳಿಗೆ ಮದ್ದು ಹಾಕ್ತೀವಲ್ಲ, ಹಂಗೆ. ಇನ್ನೊಂದು. ಮತ್ತೊಂದು. ಕಣ್ಣಿಗೆ ಕಟ್ಟಿದ್ದ ಕತ್ತಲೆ ಇಳೀತು ಅಂದ್ರು ಭಾವ.

ಜೀವ ಬಂದ ಮೇಲೆ ಎದ್ದು ನಿಂತು, ಮರಳಿನ ಮೇಲೇ ಎರಡು ಹೆಜ್ಜೆ ಕುಣಿದು ತೋರಿಸಿದ್ರಂತೆ. ಆಗ ತಿಳೀತು ಆ ಮುದುಕಿಗೆ, ಇವರು ಮೇಳಕ್ಕೆ ಬಂದೋರು ಅಂತ; ಮೇಳದೋರು ಇಳಿಯೋ ವಸತಿ ಊರಿನೋರಿಗೆಲ್ಲ ಗೊತ್ತಿದ್ದದ್ದೇ. ನಕ್ಕಳು, ಆಮೇಲೆ ಮಣಿಕಟ್ಟು ಹಿಡ್ಕೊಂಡು ಹೊಂಟ್ಲು.

ನಾನು ವಸತಿ ಬಾಗಿಲಲ್ಲಿ ಕೂತಿದ್ದೆ. ಓಣಿ ತಿರುವಿನಲ್ಲಿ ಮೊದಲು ಕಂಡದ್ದು ಕಂಬಳಿ. ಪಕ್ಕದಲ್ಲಿ ಹೂವಿನ ಗೌನು ತೊಟ್ಟ ಮುದುಕಿ, ನಮ್ಮ ಹಿರಿಯರನ್ನ ಶಾಲೆ ತಪ್ಪಿಸಿದ ಹುಡುಗನಂಗೆ ಎಳ್ಕೊಂಡು ಬರ್ತಾವಳೆ. ನಾನು ಓಡಿಹೋಗಿ ಭಾವನ ಕಾಲಿಗೇ ಬಿದ್ದೆ. ಆಕೆ ನನ್ನ ನೋಡಿದ್ದೇ ಶುರು ಮಾಡಿದ್ಲು ನೋಡಿ, ಬೆರಳು ಮೂಗಿನ ತನಕ ತಂದು ಬೈಗುಳ! ದುಭಾಷಿ ಹೇಳಾಕೆ ಬಂದ್ಲು. "ಬ್ಯಾಡ ತಾಯಿ, ಎಲ್ಲಾ ತಿಳೀತು," ಅಂದೆ. ಥೇಟು ಗೌರಕ್ಕನೇ ಬೈದಂಗಿತ್ತು.

ಭಾವ ಕೈಕಾಲು ತೊಳ್ಕೊಂಡು ಪೂಜೆಗೆ ಕೂತ್ರು. ತಂಡದೋನೊಬ್ಬ ಮೆಲ್ಲಗೆ, "ನೇಮ ಮುರೀತಲ್ಲ ಗೌಡ್ರೆ, ಡೊಳ್ಳು ಮುಟ್ಟಬಹುದಾ?" ಅಂದ. ಭಾವ ಬತ್ತಿ ಹೊಸೀತಾನೇ, "ತಾಯಿ ಬಾಯಿಗೆ ಇಟ್ಟದ್ದನ್ನ ಉಗುಳಿ ಬರಬೇಕಿತ್ತಾ? ಬೀರಪ್ಪಂಗೂ ಒಬ್ಬ ಅವ್ವ ಇದ್ಲಲೇ," ಅಂದ್ರು. ಹಂಗಂದು ಮೊದಲ ಪೆಟ್ಟು ಹಾಕಿದ್ರು. ನಾನು ಆಚೆ ಹೋಗಿ, ನಿದ್ದೆಗೆಟ್ಟು ಮತ್ತೆ ಮಾಡಿದ್ದ ಅಕ್ಕನ ಫೋನು ಎತ್ತಿ, "ಉಂಡಾರೆ ಕಣಕ್ಕಾ," ಅಂದೆ.

ಅಷ್ಟೇ ಕಣ್ರೋ. ಗುರುತಿಲ್ಲದ ಊರಲ್ಲಿ ದಾರಿ ತಪ್ಪಿದ್ರೆ ಬುದ್ಧಿವಂತಿಕೆ ಮಾಡಬ್ಯಾಡಿ, ವಯಸ್ಸಾದ ಹೆಂಗಸರು ಎಲ್ಲಿ ಕೂತಾರೆ ನೋಡಿ ಅಲ್ಲಿ ಹೋಗಿ ನಿಲ್ಲಿ, ಕೊಟ್ಟದ್ದು ತಿನ್ನಿ. ಭಾವ ತೀರ್ಕೊಂಡು ಈಗ ಎರಡು ಮಳೆಗಾಲ ಆತು, ಅವರ ಅರ್ಧವನ್ನೂ ನಾನೇ ಹೇಳಬೇಕಾತು. ನಾಳೆ ನೀವು ಹೇಳಿ, ನಿಮ್ಮ ಮಕ್ಕಳಿಗೆ. ಹೊಟ್ಟೆ ಬಡ್ಕೊಂಡದ್ದು ಮಾತ್ರ ಬಿಡಬ್ಯಾಡಿ.