ಅರ್ಧ ಆಳು

...ಕೆಸರು ನನಗೆ ಆಗೋದಿಲ್ಲ, ನಿಮಗೇ ಗೊತ್ತು, ಹಬ್ಬುವಾಡದ ಈ ಮನೆಯಲ್ಲಿ ಯಾರ ಚಪ್ಪಲಿಯೂ ಜಗಲಿ ದಾಟುವ ಹಾಗಿಲ್ಲ. ಆದರೂ ಗದ್ದೆಗೆ ಇಳಿದಿದ್ದೆ. ಹೌದು, ನಾನೇ. ನಗಬೇಡಿ. ಕಾನ್ವೆಂಟಿನಲ್ಲಿ ಕಲಿತವಳಿಗೆ ಮೊದಲ ನೌಕರಿ ಸಿಕ್ಕಿದ್ದು ಅಂಕೋಲೆಯ ಕಡೆ ಒಂದು ಹಾಲಕ್ಕಿ ಕೊಪ್ಪದ ಶಾಲೆಯಲ್ಲಿ. ಕೊಪ್ಪ ಅಂದರೆ ದೊಡ್ಡ ಊರಲ್ಲ, ಇಪ್ಪತ್ತೋ ಇಪ್ಪತ್ತೆರಡೋ ಹುಲ್ಲಿನ ಮನೆ. ಗಂಡಸರು ಕೆಲವರು ಬೇಲೆಕೇರಿ ಬಂದರಕ್ಕೆ ಕೂಲಿಗೆ, ಹೆಂಗಸರು ಹರಿವೆ, ಮೂಲಂಗಿ ಹೊತ್ತು ಅಂಕೋಲೆ ಪೇಟೆಗೆ, ಮಳೆ ಬಿತ್ತೆಂದರೆ ಎಲ್ಲರೂ ಗದ್ದೆಗೆ. ನನಗೆ ಎರಡು ಹೊತ್ತೂ ಗಂಜಿ. ಇರಲಿ, ಹೇಳಲಿಕ್ಕೆ ಹೊರಟದ್ದು ಗಂಜಿಯದ್ದಲ್ಲ, ಮಾದೇವಿಯದ್ದು.

ಮಾದೇವಿ ನಾಲ್ಕನೇ ಇಯತ್ತೆ ಮುಗಿಸಿದ್ದಳು. ನಮ್ಮಲ್ಲಿ ಅದರ ಮೇಲೆ ಇಲ್ಲ. ಮುಂದೆ ಓದಬೇಕಾದರೆ ಅಂಕೋಲೆಯ ಹಾಸ್ಟೆಲ್ ಪರೀಕ್ಷೆಗೆ ಕೂರಬೇಕು, ಸೋಮವಾರ. ಅವಳ ತಾಯಿ ಶಿವಿ, ಗಂಡನಿಲ್ಲದವಳು, ಏನಂದಳು ಗೊತ್ತಾ? "ಆಗೂದಿಲ್ಲ ಅಕ್ಕೋರೆ. ಸೋಮವಾರ ಗೌಡ್ರ ಗದ್ದೆ ನೆಟ್ಟಿ. ನಮ್ಮನೆದು ಎರಡಾಳು ಹೋಗೂಕೇ ಬೇಕು. ಇಲ್ದಿದ್ರೆ ನಮ್ಮ ಗದ್ದೆಗೆ ಯಾರು ಬತ್ರು?" ಅದು ಮುಯ್ಯಾಳು, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ನಾನು ಊರಗೌಡರ ಹತ್ತಿರ ಹೋಗಿ ಕೂಲಿ ಕೊಡುತ್ತೇನೆ ಅಂದೆ. "ದುಡ್ಡು ಬಗ್ಗಿ ಸಸಿ ನೆಡ್ತದ್ಯೋ ಅಕ್ಕೋರೆ?" ಅಂದರು. "ಹಾಗಾದರೆ ನೆಟ್ಟಿ ಸುರುವಾಗುವ ಭಾನುವಾರ ನಾನೇ ಬರುತ್ತೇನೆ, ಮಾದೇವಿಯ ಸೋಮವಾರದ ಬದಲು," ಅಂತ ಬಾಯಿಗೆ ಬಂತು. ಬಂದ ಮಾತನ್ನು ನುಂಗುವ ಅಭ್ಯಾಸ ನನಗಿಲ್ಲ.

ಭಾನುವಾರ ಸೀರೆ ಎತ್ತಿ ಕಟ್ಟಿ ಇಳಿದೆ. ಪಕ್ಕದಲ್ಲಿ ಸೋಮಿ ಅಂತ ಒಬ್ಬಳು, ಮಹಾ ಬಾಯಿಯವಳು. "ಅಕ್ಕೋರೆ, ಅದು ಸಸಿ, ಸೀಮೆಸುಣ್ಣ ಅಲ್ಲ, ಅಷ್ಟು ಒತ್ಬೇಡಿ!" ಗದ್ದೆಯೆಲ್ಲ ನಗು. ಸಂಜೆ ಗೌಡರು ಹಾಳಿಯ ಮೇಲೆ, ಗದ್ದೆಯ ಬದುವಿನ ಮೇಲೆ, ನಿಂತು ನನ್ನ ಸಾಲು ನೋಡಿದರು. "ಅರ್ಧ ಆಳು."

"ಗೌಡರೆ, ಬೆಳಿಗ್ಗೆಯಿಂದ ಒಂದು ಗಳಿಗೆ ಕೂತಿಲ್ಲ ನಾನು."

"ಇದ್ದದ್ದು ಹೌದು. ನೆಟ್ಟದ್ದು ಅರ್ಧ."

ನನಗೆ ಸಿಟ್ಟು ಬರಲಿಲ್ಲ. ಇಡೀ ಹೊತ್ತು ಕೂತು ಅರ್ಧ ಉತ್ತರ ಬರೆದವರಿಗೆ ನಾನೂ ಅರ್ಧವೇ ಕೊಡುತ್ತಿದ್ದೆ. ಆದರೆ ಶಿವಿ, ಬದುವಿನ ಮೇಲೆ ಕಾಯುತ್ತಿದ್ದ ಮಗಳ ಮುಖ ನೋಡದೆ, "ನಾಳೆ ಗದ್ದೆಗೆ ಬಾ, ಮತ್ತೆಂತ ಮಾಡೂದು," ಅಂತ ಬುಟ್ಟಿ ಎತ್ತಿದಳು. ಆಗ ಅದೇ ಸೋಮಿ, "ತಡಿಯೇ ಶಿವಿ. ಉಳಿದರ್ಧ ನಾ ಹಾಕ್ತೆ, ನನ್ನ ಮಗ ಹೆಚ್ಚಿಗೆ ಬತ್ತ. ಮುಂದಿನ ಭಾನುವಾರ ಅಕ್ಕೋರು ನನ್ನ ಗದ್ದೆಗೆ ಇಳೀಲಿ. ತಪ್ಸಿದ್ರೆ ಶಾಲಿ ಬಾಗ್ಲಲ್ಲೇ ಕೂತ್ಕಂತೆ!" ಅಂದಳು. ಗೌಡರು ಹೂಂ ಅಂತ ತಲೆಯಾಡಿಸಿದರು.

ಸೋಮವಾರ ಮಾದೇವಿ ತರಕಾರಿ ಹೆಂಗಸರ ಜೊತೆ ಅಂಕೋಲೆಗೆ ನಡೆದಳು. ಮುಂದಿನ ಭಾನುವಾರ ಸೋಮಿ ನನಗೆ ಕೊಟ್ಟದ್ದು ಮೊಣಕಾಲು ಹೂತುಹೋಗುವ ಮೂಲೆ. ಅವಳು ಬಿಡುವವಳಲ್ಲ, ನಾನು ತಪ್ಪಿಸುವವಳಲ್ಲ. ಮಾದೇವಿಗೆ ಹಾಸ್ಟೆಲ್ ಸಿಕ್ಕಿತು, ಹೋದಳು. ಹೋದ ಮೇಲೆ ಶಿವಿಯ ಮನೆಗೆ ಎರಡನೇ ಆಳು ಎಲ್ಲಿಂದ? ನನಗೆ ವರ್ಗವಾಗುವ ತನಕ, ನೆಟ್ಟಿಯ ಭಾನುವಾರಗಳಲ್ಲಿ, ನಾನೇ. ಪುಣ್ಯಕ್ಕಲ್ಲ. ಒಂದು ಮನೆಯ ಕೈಯನ್ನು ಶಾಲೆಗೆ ಕರೆದವರು ಆ ಮನೆಗೆ ತಮ್ಮ ಕೈ ಕೊಡಬೇಕು. ಅಷ್ಟೆ. ಏಳಿ, ಅನ್ನ ಆರುತ್ತದೆ.