ಸೇವಂತಿಗೆಯ ಮಣ್ಣು

ಮಂದಿಯ ಮನೆ ವಿಷಯದಲ್ಲಿ ತಾನು ಬಾಯಿ ಹಾಕಬಹುದೇ? ಅಂಕಲಿಯ ಬಸ್ ನಿಲ್ದಾಣದಲ್ಲಿ ಧರೆಪ್ಪ ಯೋಚಿಸುತ್ತಲೇ ಇದ್ದ. ಪಕ್ಕದ ಮನೆಯ ಸಕ್ಕುಬಾಯಿ, ಹೊಸ ಸೊಸೆ ಬಾಳವ್ವನನ್ನು ಗಂಟುಮೂಟೆ ಸಮೇತ ತವರಿಗೆ ಕಳಿಸಲು ಬಂದಿದ್ದಳು.

“ನೀ ತವರಿಂದ ತಂದ ಸೇವಂತಿಗಿ ಸಸಿ ಮಣ್ಣಿನಾಗ ಹುಳಾ ಬಂದ್ವು. ಹಿತ್ತಲದಾಗ ಒಂದ್ ಬದನಿಗಿಡಾ ಉಳೀಲಿಲ್ಲ.”

“ಬೂದಿ ಉಗ್ಗೀನ್ರಿ, ಅತ್ತಿ. ಕೈಲೆ ಆರಿಸಿ ಉಪ್ಪಿನ ನೀರಾಗ ಹಾಕೀನಿ.”

“ಹುಳಾ ಆರಿಸ್ತಿ ಬಿಡು. ಕಾಲ್ಗುಣಾ ಹ್ಯಾಂಗ ಆರಿಸ್ತಿ?”

“ಮತ್ತ ಕರಿಯಾಕ ಯಾವಾಗ ಬರ್ತೀರಿ?”

“ಹಿತ್ತಲಾ ಹಸರಾಗ್ಲಿ, ನೋಡೂಣು.”

ಮುಗಳಖೋಡದ ಬಸ್ಸು ಬಂತು. ಬಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿದಳು. ಸಕ್ಕುಬಾಯಿ ತಿರುಗಿ ನೋಡದೆ ಮನೆಯ ದಾರಿ ಹಿಡಿದಳು.

ಅದೇ ಹುಳ ಬಾಳವ್ವನ ಮದುವೆಗೂ ಮೊದಲೇ ತನ್ನ ಹಿತ್ತಲಲ್ಲಿತ್ತು ಎಂಬುದನ್ನು ಧರೆಪ್ಪ ಹೇಳಲೇ ಇಲ್ಲ.