ಮಂಚದ ಮರದ ಸ್ಪೀಕರ್ ಡಬ್ಬ

ನಗಬೇಡಿ, ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ರಾತ್ರಿ ಅಂಗಡಿ ಮುಚ್ಚಿ, ಹೊಸ ಸ್ಪೀಕರ್ ಡಬ್ಬ ಹೆಗಲ ಮೇಲಿಟ್ಕೊಂಡು ಮನೆಗೆ ಬರ್ತಿದ್ದ. ಬೀದಿ ಕೊನೆಯ ಹಾಳು ಬಾವಿ ದಾಟಿದನಷ್ಟೆ... ಕಿವಿ ಪಕ್ಕದಲ್ಲೇ ಕೆಮ್ಮು. ಖುಳ್... ಖುಳ್... ಆಮೇಲೆ ಗಂಟಲಲ್ಲಿ ಗೊರ್ ಅಂತ ಉಸಿರು.

ತಿರುಗಿ ನೋಡಿದ. ಯಾರೂ ಇಲ್ಲ.

ಅವನ ಕಸುಬೇ ಸ್ಪೀಕರ್ ಡಬ್ಬ ಮಾಡೋದು. ಕೈ ಒಳ್ಳೇದು, ಮನಸ್ಸು ಮಾತ್ರ ಕಲ್ಲು. "ಡಬ್ಬ ತನ್ನ ದನಿ ಸೇರಿಸಬಾರದು" ಅಂತಿದ್ದ. ತೆಳು ಹಲಗೆ ಹಾಕಿದ್ರೆ ಹಾಡಿನ ಜೊತೆ ಅದೂ ಅದುರಿ ಗುಂಯ್ ಅನ್ನುತ್ತೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ್ರೆ ಯಾವುದೋ ಒಂದು ಸ್ವರವೇ ಉಬ್ಬಿ ಕೇಳುತ್ತೆ. ಅದಕ್ಕೇ ದಪ್ಪನೆ ಹಳೇ ಮರ ಹುಡುಕ್ತಿದ್ದ.

ಸಿಕ್ಕಿದ್ದು ಅವರಮ್ಮನ ಮಂಚ.

ದೊಡ್ಡಮ್ಮ ಕಾಯಿಲೆ ಬಿದ್ದು ವರ್ಷಗಟ್ಟಲೆ ಅದರ ಮೇಲೇ ಮಲಗಿದ್ದು, ಅಲ್ಲೇ ತೀರಿಕೊಂಡರು. ಗಂಡನ ಮನೆ ಬಿಟ್ಟು ಬಂದು ಹೊಲಸು ಬಾಚಿದ್ದು ಅವನ ಅಕ್ಕ. ಇವನು ಬಾಗಿಲಲ್ಲಿ ಇಣುಕಿ ಹೋಗ್ತಿದ್ದ, ಅಷ್ಟೆ. ಅಕ್ಕ ಆಮೇಲೆ ಕೇಳಿದ್ದು ಆ ಮಂಚ ಒಂದನ್ನೇ. "ನಿಂಗ್ಯಾಕೆ ಅದು?" ಅಂದವನೇ ಅವಳೆದುರೇ ಗರಗಸ ಹಾಕಿದ.

ಈಗ ಬಾವಿ ಪಕ್ಕ ಆ ಮಂಚದ ಮರದ ಡಬ್ಬ ಕೆಳಗಿಳಿಸಿದ. ತಂತಿ ಇಲ್ಲ, ಕರೆಂಟಿಲ್ಲ. ಸ್ಪೀಕರ್ ಕೂಡ ಇನ್ನೂ ಕೂರಿಸಿರಲಿಲ್ಲ, ಬರೀ ದುಂಡನೆ ತೂತು. ಬೆರಳಿಂದ ತಟ್ಟಿದ. ಟಕ್... ಗಟ್ಟಿ ಸದ್ದು, ಒಂಚೂರೂ ಅದುರಲಿಲ್ಲ. ತೂತಿಗೆ ಕಿವಿ ಇಟ್ಟ.

"ಮಗಳೇ... ಮಗ್ಗುಲು ತಿರುಗಿಸೇ..."

"ಅಮ್ಮಾ... ನಾನಮ್ಮ" ಅಂತ ಪಿಸುಗುಟ್ಟಿದ.

ಒಳಗೆ ಮತ್ತೆ ಕೆಮ್ಮು. ಆಮೇಲೆ...

"ಯಾರಪ್ಪ ನೀನು? ಅವಳನ್ನ ಕರಿ."

ಹೋಗಿ ಅಕ್ಕನ ಬಾಗಿಲು ಬಡಿದ. ಡಬ್ಬ ಮುಂದೆ ಹಿಡಿದ. "ತಗೋ ಅಕ್ಕಾ... ಅಮ್ಮ ನಿನ್ನೇ ಕೇಳ್ತಿದ್ದಾಳೆ."

"ಮಂಚ ಕೇಳಿದ್ರೆ ಚೂರು ತಂದ್ಯಾ?" ಅಂದಳು. ಒಳಗೆ ಬಾ ಅನ್ನಲಿಲ್ಲ. ಡಬ್ಬ ಎತ್ಕೊಂಡು ಚಿಲಕ ಹಾಕಿದಳು. ಹೊರಗೆ ನಿಂತವನಿಗೆ ಒಳಗಿಂದ ಇಬ್ಬರು ಹೆಂಗಸರ ಮಾತು ಕೇಳಿಸ್ತಂತೆ. ಮೆಲ್ಲಗೆ... ನಡುನಡುವೆ ನಗು. ಅವನ ಹೆಸರು ಮಾತ್ರ ಒಮ್ಮೆಯೂ ಬರಲಿಲ್ಲವಂತೆ.

ಅಕ್ಕ ತಮ್ಮನ ನಡುವೆ ಇವತ್ತಿಗೂ ಮಾತಿಲ್ಲ. ಅವನು ಆ ಕಸುಬೇ ಬಿಟ್ಟ.

ಸುಳ್ಳು ಅಂತೀರೇನೋ. ಮೊನ್ನೆ ನಾನೇ ಅಕ್ಕನ ಮನೇಲಿ ಉಳಿದಿದ್ದೆ. ಅವಳು ಡಬ್ಬದ ಪಕ್ಕ ಒಂದು ಲೋಟ ತುಂಬ ನೀರಿಟ್ಟು, ನನ್ನೆದುರೇ ಕೋಣೆಗೆ ಬೀಗ ಹಾಕಿದಳು. ಕೀಲಿ ನನ್ನ ಕೈಗೇ ಕೊಟ್ಟಳು, ರಾತ್ರಿಯಿಡೀ ನನ್ನ ಜೇಬಲ್ಲೇ ಇತ್ತು. ಬೆಳಿಗ್ಗೆ ಬೀಗ ತೆಗೆದವನೂ ನಾನೇ...

ಲೋಟದಲ್ಲಿ ಅರ್ಧವೇ ನೀರಿತ್ತು.